ಹೊಸ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ನಡೆಯುತ್ತದೆಯೇ? ಆರ್ಡರ್ ಮಾಡುವ ಮುನ್ನವೇ ತಿಳಿಯುವುದು ಹೇಗೆ?

"ಲಿನಕ್ಸ್ ಯಾವ ಕಂಪ್ಯೂಟರಿನಲ್ಲಾದರೂ ನಡೆಯುತ್ತದೆ" ಎಂದು ಕೆಲವರು ಹೇಳುತ್ತಾರೆ. "ಹೊಸ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಲು ಹೋಗಬೇಡಿ, ವೈಫೈ ಕೆಲಸ ಮಾಡುವುದಿಲ್ಲ" ಎಂದು ಇನ್ನು ಕೆಲವರು ಎಚ್ಚರಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತಮ್ಮ ಯಂತ್ರದಲ್ಲಿ ಆದದ್ದನ್ನು ಎಲ್ಲ ಯಂತ್ರಗಳಿಗೂ ಅನ್ವಯಿಸಿ ಹೇಳುತ್ತಿದ್ದಾರೆ, ಅಷ್ಟೆ.

ಅಂಗಡಿಯಲ್ಲಿ ಕಣ್ಣೆದುರಿಗಿರುವ ಲ್ಯಾಪ್‌ಟಾಪ್ ಕೊಳ್ಳುವಾಗ ಈ ಗೊಂದಲದಿಂದ ಅಷ್ಟೇನೂ ತೊಂದರೆಯಿಲ್ಲ. ಆದರೆ ಪ್ರೊಸೆಸರ್, ಮೆಮೊರಿ, ಪರದೆ, ವೈಫೈ ಎಲ್ಲವನ್ನೂ ನಾವೇ ಆರಿಸಿ ಜೋಡಿಸಿಕೊಡಲು ಹೇಳುವ ಲ್ಯಾಪ್‌ಟಾಪ್ ಇದೆಯಲ್ಲ, ಅದರ ಮಾತೇ ಬೇರೆ. ಹಾಗೆ ನಮಗಾಗಿಯೇ ಜೋಡಿಸಿದ್ದನ್ನು ಬಹಳಷ್ಟು ಮಾರಾಟಗಾರರು ವಾಪಸ್ ತೆಗೆದುಕೊಳ್ಳುವುದಿಲ್ಲ. ವಿಂಡೋಸ್‌ನಲ್ಲಿ ಎಲ್ಲವೂ ಸರಿಯಾಗಿದ್ದರೆ "ಲಿನಕ್ಸ್‌ನಲ್ಲಿ ಸದ್ದು ಬರುತ್ತಿಲ್ಲ" ಎಂಬುದನ್ನು ದೋಷವೆಂದು ಒಪ್ಪುವವರೂ ಕಡಿಮೆ. ಅರವತ್ತು, ಎಪ್ಪತ್ತು ಸಾವಿರ ಕೊಟ್ಟ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಸ್ವಲ್ಪ ತಾಳ್ಮೆಯಿದ್ದರೆ ಹೆಚ್ಚಿನ ವಿಷಯಗಳು ಮೊದಲೇ ಗೊತ್ತಾಗುತ್ತವೆ.

ಪ್ರಶ್ನೆಯನ್ನೇ ಸ್ವಲ್ಪ ಬದಲಿಸಬೇಕು

"ಈ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ನಡೆಯುತ್ತದೆಯೇ?" ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. "ಇದರೊಳಗಿನ ಯಾವ ಯಾವ ಚಿಪ್‌ಗಳಿಗೆ ಲಿನಕ್ಸ್‌ನಲ್ಲಿ ಡ್ರೈವರ್ ಇದೆ?" ಎಂದು ಕೇಳಬೇಕು.

ಡ್ರೈವರ್ ಎಂದರೆ ಯಂತ್ರಾಂಶಕ್ಕೂ ಕಾರ್ಯಾಚರಣ ವ್ಯವಸ್ಥೆಗೂ ನಡುವೆ ನಿಂತು ಮಾತು ದಾಟಿಸುವ ತಂತ್ರಾಂಶ. ವಿಂಡೋಸ್ ಲೋಕದಲ್ಲಿ ಇದನ್ನು ಬಹುಮಟ್ಟಿಗೆ ಚಿಪ್ ತಯಾರಕರೇ ಬರೆದುಕೊಡುತ್ತಾರೆ, ಲ್ಯಾಪ್‌ಟಾಪ್ ಕಂಪನಿ ಅದನ್ನು ಮೊದಲೇ ಹಾಕಿ ಕಳಿಸುತ್ತದೆ. ಲಿನಕ್ಸ್‌ನ ಏರ್ಪಾಡು ಬೇರೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲ್, ಅಂದರೆ ಇಡೀ ವ್ಯವಸ್ಥೆಯ ತಿರುಳು, ಇವತ್ತು ಸಾವಿರಾರು ಸಾಧನಗಳ ಡ್ರೈವರ್‌ಗಳನ್ನು ತನ್ನೊಳಗೇ ಇಟ್ಟುಕೊಂಡಿದೆ. ಡ್ರೈವರ್ ಅದರಲ್ಲಿದ್ದರೆ ನಾವು ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಸಿಡಿ ಹುಡುಕಬೇಕಿಲ್ಲ. ಇಲ್ಲದಿದ್ದರೆ ಮಾತ್ರ ಪರದಾಟ.

ಹೊಸ ಕರ್ನಲ್ ಸುಮಾರು ಒಂಬತ್ತು, ಹತ್ತು ವಾರಗಳಿಗೊಮ್ಮೆ ಬರುತ್ತದೆ. ಪ್ರತಿ ಸಲವೂ ಒಂದಿಷ್ಟು ಹೊಸ ಚಿಪ್‌ಗಳ ಡ್ರೈವರ್ ಸೇರುತ್ತದೆ. ಆದರೆ ನಾವು ಲ್ಯಾಪ್‌ಟಾಪಿಗೆ ಹಾಕಿಕೊಳ್ಳುವ ಉಬುಂಟು ಅಥವಾ ಡೆಬಿಯನ್‌ನಲ್ಲಿ ಇರುವುದು ಆ ಆವೃತ್ತಿ ಸಿದ್ಧವಾದ ಕಾಲದ ಕರ್ನಲ್. ಹಾಗಾಗಿ ಎರಡು ತಾರೀಕುಗಳನ್ನು ಹೋಲಿಸಬೇಕಾಗುತ್ತದೆ: ಚಿಪ್‌ನ ಡ್ರೈವರ್ ಕರ್ನಲ್ಲಿಗೆ ಸೇರಿದ್ದು ಯಾವಾಗ, ನಾವು ಹಾಕಲಿರುವ ಲಿನಕ್ಸ್‌ನ ಕರ್ನಲ್ ಯಾವ ಕಾಲದ್ದು.

ಒಂದು ನಿಜವಾದ ಉದಾಹರಣೆ ನೋಡೋಣ. ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್8852ಬಿಇ ಎಂಬ ವೈಫೈ ಚಿಪ್ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅದರ ಡ್ರೈವರ್ ಸೇರಿದ್ದು 2023ರ ಫೆಬ್ರುವರಿಯಲ್ಲಿ ಬಂದ 6.2 ಕರ್ನಲ್ಲಿಗೆ. ಉಬುಂಟು 22.04 ಬಿಡುಗಡೆಯಾದದ್ದು 2022ರ ಏಪ್ರಿಲ್‌ನಲ್ಲಿ, 5.15 ಕರ್ನಲ್ ಜೊತೆಗೆ. ಅದನ್ನು ಹಾಕಿದವರಿಗೆ ವೈಫೈ ಕಾಣಲೇ ಇಲ್ಲ. 2023ರ ಆಗಸ್ಟಿನಲ್ಲಿ ಅದೇ ಉಬುಂಟುವಿನ ಪರಿಷ್ಕೃತ ರೂಪ 22.04.3 ಬಂದಾಗ ಅದರಲ್ಲಿ 6.2 ಕರ್ನಲ್ ಇತ್ತು. ಅದನ್ನು ಹಾಕಿದವರಿಗೆ ವೈಫೈ ತಾನಾಗಿ ಸಿಕ್ಕಿತು. ಒಂದೇ ಲ್ಯಾಪ್‌ಟಾಪ್, ಹೆಸರಿಗೆ ಒಂದೇ ಉಬುಂಟು, ಆದರೆ ಒಬ್ಬರು ಹೊಗಳುತ್ತಾರೆ, ಇನ್ನೊಬ್ಬರು ಬಯ್ಯುತ್ತಾರೆ.

ತಲೆಕೆಡಿಸಿಕೊಳ್ಳಬೇಕಾದದ್ದು ಅಗ್ಗದ ಭಾಗಗಳ ಬಗ್ಗೆ

ಲ್ಯಾಪ್‌ಟಾಪ್ ಆರಿಸುವಾಗ ನಾವು ಹೆಚ್ಚು ಲೆಕ್ಕ ಹಾಕುವುದು ಪ್ರೊಸೆಸರ್, ಮೆಮೊರಿ, ಎಸ್‌ಎಸ್‌ಡಿ ಕುರಿತು. ಲಿನಕ್ಸ್ ಮಟ್ಟಿಗೆ ಇವುಗಳಿಂದ ತೊಂದರೆ ಬರುವುದು ತೀರಾ ಕಡಿಮೆ. ಮೆಮೊರಿ 8 ಜಿಬಿಯೋ 32 ಜಿಬಿಯೋ, ಎಸ್‌ಎಸ್‌ಡಿ ಯಾವ ಕಂಪನಿಯದೋ, ಅದಕ್ಕೆ ಎಲ್ಲ ಒಂದೇ. ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳೂ ಹಾಗೆಯೇ. ಅವು ತೀರಾ ಹೊಸತಾಗಿದ್ದರೆ ಮಾತ್ರ ಅದರೊಳಗೇ ಇರುವ ಗ್ರಾಫಿಕ್ಸ್ ಭಾಗಕ್ಕೆ ಹೊಸ ಕರ್ನಲ್ ಬೇಕು. ಅದಿಲ್ಲದಿದ್ದರೂ ಪರದೆ ಬರುತ್ತದೆ, ಆದರೆ ವಿಡಿಯೊ ತಡವರಿಸುತ್ತದೆ, ಪರದೆಯ ಬೆಳಕನ್ನು ಹೆಚ್ಚು ಕಡಿಮೆ ಮಾಡಲಾಗುವುದಿಲ್ಲ.

ಪ್ರೊಸೆಸರ್ ವಿಷಯದಲ್ಲಿ ಒಂದೇ ಒಂದು ದೊಡ್ಡ ಎಚ್ಚರಿಕೆ: ಸ್ನಾಪ್‌ಡ್ರಾಗನ್ ಎಕ್ಸ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು ಮತ್ತು ಆಪಲ್‌ನ ಎಂ ಸರಣಿಯ ಮ್ಯಾಕ್‌ಗಳು ಆರ್ಮ್ ವಿನ್ಯಾಸದವು. ಇಂಟೆಲ್, ಎಎಂಡಿಗೆಂದು ಇಳಿಸಿಕೊಂಡ ಲಿನಕ್ಸ್ ಅವುಗಳಲ್ಲಿ ಶುರುವಾಗುವುದೇ ಇಲ್ಲ. ಲಿನಕ್ಸೇ ಮುಖ್ಯವಾದರೆ ಸದ್ಯಕ್ಕೆ ಅವನ್ನು ಬಿಟ್ಟುಬಿಡುವುದು ಮೇಲು.

ನಿಜವಾದ ಪರೀಕ್ಷೆ ಇರುವುದು ಜಾಹೀರಾತಿನಲ್ಲಿ ಒಂದೇ ಪದಕ್ಕೆ ಮುಗಿದುಹೋಗುವ ಭಾಗಗಳಲ್ಲಿ. "ವೈಫೈ 6" ಎಂದು ಬರೆದಿರುತ್ತಾರೆ, ಯಾರ ಚಿಪ್ ಎಂದು ಬರೆಯುವುದಿಲ್ಲ.

ವೈಫೈ ಮೊದಲು. ಇಂಟೆಲ್‌ನ ವೈಫೈ ಕಾರ್ಡ್‌ಗಳು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಲೀಸು. ಎಎಕ್ಸ್200 ಕಾರ್ಡಿಗೆ 5.1, ಎಎಕ್ಸ್210 ಕಾರ್ಡಿಗೆ 5.10 ಕರ್ನಲ್ ಸಾಕು. ಮೀಡಿಯಾಟೆಕ್‌ನ ಎಂಟಿ7921ಕ್ಕೆ 5.12 ಬೇಕು. ಇವೆಲ್ಲ ಈಗಿನ ಲೆಕ್ಕದಲ್ಲಿ ಹಳೆಯ ಕರ್ನಲ್‌ಗಳೇ. ಆದರೆ ಅದೇ ಮೀಡಿಯಾಟೆಕ್‌ನ ಎಂಟಿ7902 ಮಾರುಕಟ್ಟೆಗೆ ಬಂದು ವರ್ಷಗಳು ಕಳೆದರೂ ಕರ್ನಲ್‌ನಲ್ಲಿ ಅದಕ್ಕೆ ಡ್ರೈವರ್ ಇರಲಿಲ್ಲ. ಎರಡು ಅಂಕಿಗಳ ವ್ಯತ್ಯಾಸಕ್ಕೆ ಇಷ್ಟು ದೂರ! "ಮೀಡಿಯಾಟೆಕ್ ಒಳ್ಳೆಯದು", "ರಿಯಲ್‌ಟೆಕ್ ಕೆಟ್ಟದ್ದು" ಎಂಬ ಮಾತುಗಳಿಗೆ ಅರ್ಥವಿಲ್ಲದಿರುವುದು ಇದಕ್ಕೇ. ಪೂರ್ತಿ ಸಂಖ್ಯೆಯನ್ನೇ ಕೇಳಬೇಕು.

ಕೆಟ್ಟ ಕಾರ್ಡ್ ಬಂದರೆ ಬದಲಿಸಿದರಾಯಿತು ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ಕಾರ್ಡ್ ಪ್ರತ್ಯೇಕವಾಗಿ ಸಿಕ್ಕಿಸಿದ್ದಾದರೆ ಬದಲಿಸಬಹುದು. ತೆಳುವಾದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಇನ್ನೊಂದು ಕಡೆಯೂ ಎಡವುವ ಸಂಭವವಿದೆ: ಇಂಟೆಲ್ ಎಎಕ್ಸ್210 ಯಾವ ಲ್ಯಾಪ್‌ಟಾಪಿಗಾದರೂ ಹೊಂದುವ ಸ್ವತಂತ್ರ ಕಾರ್ಡ್. ಎಎಕ್ಸ್211 ನೋಡಲು ಅದರಂತೆಯೇ ಇದ್ದರೂ ತನ್ನ ಅರ್ಧ ಕೆಲಸಕ್ಕೆ ಇಂಟೆಲ್ ಪ್ರೊಸೆಸರಿನ ಜೊತೆಗಿರುವ ಭಾಗವನ್ನೇ ನಂಬಿಕೊಂಡಿದೆ. ಎಎಂಡಿ ಲ್ಯಾಪ್‌ಟಾಪಿಗೆ ಅದನ್ನು ಹಾಕಿದರೆ ಪ್ರಯೋಜನವಿಲ್ಲ.

ಎನ್‌ವಿಡಿಯಾ ಗ್ರಾಫಿಕ್ಸ್ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ ಎಂಬುದು ಹಳೆಯ ನಂಬಿಕೆ. 2012ರಲ್ಲಿ ಫಿನ್ಲೆಂಡ್‌ನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಟೊರ್ವಾಲ್ಡ್ಸ್ ಕ್ಯಾಮೆರಾದ ಕಡೆ ತಿರುಗಿ ಆ ಕಂಪನಿಗೆ ಬೆರಳು ತೋರಿಸಿದ್ದು ಇವತ್ತಿಗೂ ಜನರಿಗೆ ನೆನಪಿದೆ. ಆಮೇಲೆ ಪರಿಸ್ಥಿತಿ ಸುಧಾರಿಸಿದೆ. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಡ್ರೈವರ್‌ನ ಕರ್ನಲ್ ಭಾಗದ ಮೂಲ ಸಂಕೇತವನ್ನು ಬಹಿರಂಗಗೊಳಿಸಿತು. ಈಗ ಅದು ನಡೆಯುತ್ತದೆ, ಆದರೆ ಡ್ರೈವರನ್ನು ಬೇರೆಯಾಗಿ ಹಾಕಬೇಕು, ಕರ್ನಲ್ ಬದಲಾದಾಗ ಒಮ್ಮೊಮ್ಮೆ ಅದು ಕೈಕೊಡುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಯ ತಂತಿ ನೇರ ಎನ್‌ವಿಡಿಯಾ ಚಿಪ್‌ಗೇ ಹೋಗಿರುವುದರಿಂದ, ಆ ಡ್ರೈವರ್ ಸರಿಯಾಗಿಲ್ಲದಿದ್ದರೆ ಪ್ರೊಜೆಕ್ಟರೂ ಬರುವುದಿಲ್ಲ. ಆಟವಾಡಲು, ಮೆಷಿನ್ ಲರ್ನಿಂಗ್ ಮಾಡಲು, ವಿಡಿಯೊ ಸಂಕಲನಕ್ಕೆ ಬೇಕಿದ್ದರೆ ಆರಿಸಿಕೊಳ್ಳಿ. ಬರೀ ಓದು ಬರಹ, ಪ್ರೋಗ್ರಾಮಿಂಗ್ ಎಂದಾದರೆ ಆ ಕಾಲಂನಲ್ಲಿ "ಬೇಡ" ಎಂದು ಆರಿಸುವುದು ನಮ್ಮ ಸಲಹೆ. ಹಣವೂ ಉಳಿಯುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ಉಳಿದವು ಸಣ್ಣ ಭಾಗಗಳು. ಬೆರಳಚ್ಚು ಓದುವ ಸಾಧನಗಳಲ್ಲಿ ಲಿನಕ್ಸ್ ಬೆಂಬಲವಿಲ್ಲದವು ಇನ್ನೂ ಬಹಳ ಇವೆ, ಸಿಕ್ಕರೆ ಅದೃಷ್ಟ ಎಂದುಕೊಂಡರೆ ನಿರಾಶೆಯಿಲ್ಲ. ಕ್ಯಾಮೆರಾ ಒಳಗಿನಿಂದ ಯುಎಸ್‌ಬಿ ಮೂಲಕ ಜೋಡಣೆಯಾಗಿದ್ದರೆ ಚಿಂತೆಯಿಲ್ಲ, ಬಹುಪಾಲು ಹಾಗೆಯೇ ಇರುತ್ತದೆ. ಆದರೆ ಕೆಲವು ದುಬಾರಿ, ತೆಳು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಮೊಬೈಲ್ ಫೋನಿನ ಮಾದರಿಯಲ್ಲಿ ಪ್ರೊಸೆಸರಿನ ಚಿತ್ರ ಸಂಸ್ಕರಣಾ ಘಟಕಕ್ಕೇ ಕ್ಯಾಮೆರಾವನ್ನು ಜೋಡಿಸಿರುತ್ತಾರೆ. ಐಪಿಯು6 ಎಂಬ ಆ ಘಟಕದ ಮೂಲಭೂತ ಡ್ರೈವರ್ ಕರ್ನಲ್ಲಿಗೆ ಸೇರಿದ್ದೇ 6.10ರಲ್ಲಿ. ಆನ್‌ಲೈನ್ ತರಗತಿ, ಸಂದರ್ಶನ ಎಂದು ಕ್ಯಾಮೆರಾ ಬೇಕೇಬೇಕು ಎನ್ನುವವರು ಇದನ್ನು ಕೇಳಿ ತಿಳಿಯಬೇಕು. ಸದ್ದಿನ ವಿಷಯದಲ್ಲಿ ಒಂದು ವಿಚಿತ್ರವಿದೆ: ಇಯರ್‌ಫೋನ್‌ನಲ್ಲಿ ಹಾಡು ಕೇಳುತ್ತದೆ, ಸ್ಪೀಕರ್ ಮಾತ್ರ ಮೌನ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸ್ಪೀಕರಿಗೆಂದೇ ಪ್ರತ್ಯೇಕ ಆಂಪ್ಲಿಫೈಯರ್ ಚಿಪ್ ಇರುತ್ತದೆ, ಅದಕ್ಕೂ ಪ್ರತ್ಯೇಕ ಬೆಂಬಲ ಬೇಕು.

ಆರ್ಡರ್ ಮಾಡುವ ಮುನ್ನ

ಯಂತ್ರ ಕೈಯಲ್ಲಿಲ್ಲದಿದ್ದಾಗ ಚಿಪ್ ಯಾವುದೆಂದು ತಿಳಿಯಲು ನಮಗೆ ಇಷ್ಟವಾದ ಉಪಾಯವೊಂದಿದೆ. ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಲ್ಲಿ ಪ್ರತಿ ಮಾದರಿಗೂ ವಿಂಡೋಸ್ ಡ್ರೈವರ್ ಇಳಿಸಿಕೊಳ್ಳುವ ಪುಟ ಇರುತ್ತದೆ. ಅಲ್ಲಿ ವೈಫೈ ವಿಭಾಗ ತೆರೆಯಿರಿ. ಇಂಟೆಲ್ ಡ್ರೈವರ್ ಒಂದೇ ಇದ್ದರೆ ಆ ಮಾದರಿಯಲ್ಲಿ ಬರುವುದು ಬಹುತೇಕ ಇಂಟೆಲ್ ಕಾರ್ಡ್. ಇಂಟೆಲ್, ರಿಯಲ್‌ಟೆಕ್, ಮೀಡಿಯಾಟೆಕ್ ಮೂರೂ ಇದ್ದರೆ ಕಾರ್ಖಾನೆಯಲ್ಲಿ ಆ ದಿನ ಯಾವುದು ಸಿಕ್ಕಿತೋ ಅದನ್ನು ಹಾಕುತ್ತಾರೆ ಎಂದರ್ಥ. ಬೆರಳಚ್ಚು, ಸದ್ದು, ಕ್ಯಾಮೆರಾಗಳಿಗೂ ಇದೇ ಪುಟ ಸುಳಿವು ಕೊಡುತ್ತದೆ. ವಿಂಡೋಸ್ ಡ್ರೈವರ್ ಪುಟ ನೋಡಿ ಲಿನಕ್ಸ್ ಬಗ್ಗೆ ತಿಳಿಯುವುದು ವಿಚಿತ್ರವೆನಿಸಿದರೂ ಇಷ್ಟು ಪ್ರಾಮಾಣಿಕವಾದ ಪಟ್ಟಿ ಬೇರೆಲ್ಲೂ ಸಿಗುವುದಿಲ್ಲ.

ಒಂದೇ ಮಾದರಿಯಲ್ಲಿ ಮೂರು ಬಗೆಯ ಕಾರ್ಡ್ ಬರುತ್ತದೆ ಎಂಬುದನ್ನು ನೆನಪಿಟ್ಟರೆ "ನನ್ನ ಸ್ನೇಹಿತನ ಹತ್ತಿರ ಇದೇ ಲ್ಯಾಪ್‌ಟಾಪ್ ಇದೆ, ಲಿನಕ್ಸ್ ಚೆನ್ನಾಗಿ ನಡೆಯುತ್ತಿದೆ" ಎಂಬ ಭರವಸೆಯ ಬೆಲೆ ಎಷ್ಟೆಂದು ತಿಳಿಯುತ್ತದೆ. ಉಬುಂಟು ತಯಾರಿಸುವ ಕೆನಾನಿಕಲ್ ಸಂಸ್ಥೆ ಪರೀಕ್ಷಿಸಿ ಪ್ರಮಾಣೀಕರಿಸಿದ ಲ್ಯಾಪ್‌ಟಾಪ್‌ಗಳ ಪಟ್ಟಿಯನ್ನು ನೋಡುವಾಗಲೂ ಅಷ್ಟೆ. ಅದು ತುಂಬ ಉಪಯುಕ್ತ ಪಟ್ಟಿ, ಆದರೆ ಅವರು ಪರೀಕ್ಷಿಸಿದ್ದು ಒಂದು ನಿರ್ದಿಷ್ಟ ಜೋಡಣೆಯನ್ನು. ನಾವು ಅದೇ ಮಾದರಿಗೆ ಬೇರೆ ಪರದೆ, ಬೇರೆ ವೈಫೈ ಆರಿಸಿದರೆ ಆ ಪ್ರಮಾಣಪತ್ರ ನಮ್ಮದಲ್ಲ.

ದೊಡ್ಡ ಬ್ರಾಂಡ್ ಅಲ್ಲದೆ, ಜೋಡಿಸಿಕೊಡುವ ಸಣ್ಣ ಸಂಸ್ಥೆಗಳಿಂದ ಕೊಳ್ಳುವವರು ಇನ್ನೊಂದು ಪ್ರಶ್ನೆ ಕೇಳಬೇಕು: ಈ ಲ್ಯಾಪ್‌ಟಾಪಿನ ಮೂಲ ಚೌಕಟ್ಟು ಯಾರದು? ಇಂಥ ಬಹಳಷ್ಟು ಸಂಸ್ಥೆಗಳು ಲ್ಯಾಪ್‌ಟಾಪನ್ನು ಬುಡದಿಂದ ತಯಾರಿಸುವುದಿಲ್ಲ. ತೈವಾನಿನ ಕ್ಲೆವೊದಂಥ ಕಂಪನಿಗಳಿಂದ ಬೋರ್ಡ್, ಪರದೆ, ಕೀಲಿಮಣೆ ಇರುವ ಖಾಲಿ ಚೌಕಟ್ಟು ತರಿಸಿ, ಮೆಮೊರಿ, ಎಸ್‌ಎಸ್‌ಡಿ, ವೈಫೈ ಹಾಕಿ ತಮ್ಮ ಹೆಸರು ಅಂಟಿಸುತ್ತವೆ. ಇದರಲ್ಲಿ ಮೋಸವೇನೂ ಇಲ್ಲ, ನಮಗೆ ಅನುಕೂಲವೇ. ಏಕೆಂದರೆ ಲಿನಕ್ಸ್ ಲ್ಯಾಪ್‌ಟಾಪ್‌ಗಳನ್ನೇ ಮಾರುವ ಅಮೆರಿಕದ ಸಿಸ್ಟಮ್76, ಜರ್ಮನಿಯ ಟಕ್ಸೆಡೊ ಸಂಸ್ಥೆಗಳೂ ಇಂಥ ಚೌಕಟ್ಟುಗಳನ್ನು ಬಳಸುತ್ತವೆ. ನಾವು ಕೊಳ್ಳುವ ಯಂತ್ರದ ಮೂಲ ಮಾದರಿ ಸಂಖ್ಯೆ ಅವರಲ್ಲಿಯೂ ಇದ್ದರೆ ಅರ್ಧ ಚಿಂತೆ ಕಳೆದಂತೆ. ಕೀಲಿಮಣೆಯ ಬಣ್ಣದ ದೀಪ, ಫ್ಯಾನಿನ ವೇಗದಂಥ ಸಂಗತಿಗಳಿಗೆ ಮಾತ್ರ ಹೆಚ್ಚುವರಿ ಡ್ರೈವರ್ ಬೇಕಾಗಬಹುದು.

ಮಾರಾಟಗಾರರಿಗೆ "ಲಿನಕ್ಸ್ ಸಪೋರ್ಟ್ ಮಾಡುತ್ತದೆಯೇ?" ಎಂದು ಕೇಳಿದರೆ "ಹೌದು ಸರ್" ಎಂಬ ಉತ್ತರ ಬರುತ್ತದೆ. "ವೈಫೈ ಕಾರ್ಡಿನ ಮಾದರಿ ಸಂಖ್ಯೆ ಏನು, ಅದು ಬೆಸೆದದ್ದೋ ಸಿಕ್ಕಿಸಿದ್ದೋ, ಕ್ಯಾಮೆರಾ ಯುಎಸ್‌ಬಿಯೋ" ಎಂದು ಇಮೇಲ್‌ನಲ್ಲಿ ಕೇಳಿ. ಬರಹದಲ್ಲಿ ಬಂದ ಉತ್ತರ ಮುಂದೆ ತಕರಾರು ಬಂದರೆ ಉಪಯೋಗಕ್ಕೆ ಬರುತ್ತದೆ. ಲಿನಕ್ಸ್ ನಡೆಯದಿದ್ದರೆ ಎಷ್ಟು ದಿನಗಳೊಳಗೆ ವಾಪಸ್ ಎಂಬುದನ್ನೂ ಅದರಲ್ಲೇ ಕೇಳಿಬಿಡಿ.

ಯಂತ್ರ ಕೈಗೆ ಬಂದ ದಿನ

ಪ್ರತಿ ಚಿಪ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ: ತಯಾರಕರದ್ದು ನಾಲ್ಕು ಅಂಕಿ ಅಥವಾ ಅಕ್ಷರ, ಚಿಪ್‌ನದ್ದು ಇನ್ನು ನಾಲ್ಕು. ಇಂಟೆಲ್‌ನ ಸಂಖ್ಯೆ 8086. 1978ರಲ್ಲಿ ಆ ಕಂಪನಿ ಹೊರತಂದ ಹೆಸರಾಂತ ಪ್ರೊಸೆಸರಿನ ಸಂಖ್ಯೆಯೂ ಅದೇ, ಕಾಕತಾಳೀಯವಲ್ಲ! ಎಎಂಡಿ ಗ್ರಾಫಿಕ್ಸ್‌ನದು 1002. ಡಬ್ಬಿಯ ಮೇಲೆ ಏನೇ ಮುದ್ರಿಸಿರಲಿ, ಒಳಗಿರುವುದನ್ನು ಈ ಸಂಖ್ಯೆ ಹೇಳಿಬಿಡುತ್ತದೆ. ವಿಂಡೋಸ್ ಇದ್ದರೆ ಡಿವೈಸ್ ಮ್ಯಾನೇಜರ್ ತೆರೆದು, ಬೇಕಾದ ಸಾಧನದ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ವಿಭಾಗಕ್ಕೆ ಹೋಗಿ, ಹಾರ್ಡ್‌ವೇರ್ ಐಡಿ ಆರಿಸಿದರೆ ಅದು ಕಾಣುತ್ತದೆ. ಆ ಸಂಖ್ಯೆಯನ್ನು ಲಿನಕ್ಸ್ ಎಂಬ ಪದದ ಜೊತೆ ಹುಡುಕಿದರೆ ಸಾಮಾನ್ಯವಾಗಿ ಯಾವ ಡ್ರೈವರ್, ಯಾವ ಕರ್ನಲ್ ಎಂಬುದು ಸಿಗುತ್ತದೆ.

ಇದಕ್ಕಿಂತ ನೇರವಾದ ಪರೀಕ್ಷೆ ಲೈವ್ ಯುಎಸ್‌ಬಿ. 8 ಜಿಬಿಯ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಮದುವೆ ಫೋಟೊ ಇರುವ ಪೆನ್‌ಡ್ರೈವ್ ಬೇಡ. ರುಫಸ್ ಅಥವಾ ಎಚರ್ ತಂತ್ರಾಂಶ ಬಳಸಿ ಲಿನಕ್ಸನ್ನು ಅದಕ್ಕೆ ಬರೆದು, ಲ್ಯಾಪ್‌ಟಾಪ್ ಆರಂಭವಾಗುವಾಗ ಎಫ್12 ಅಥವಾ ಕಂಪನಿ ಹೇಳಿದ ಬೇರೆ ಕೀಲಿ ಒತ್ತಿ ಪೆನ್‌ಡ್ರೈವ್ ಆರಿಸಬೇಕು. "ಟ್ರೈ" ಎಂಬ ಆಯ್ಕೆ ಒತ್ತಿದರೆ ಲಿನಕ್ಸ್ ಪೆನ್‌ಡ್ರೈವ್‌ನಿಂದಲೇ ನಡೆಯುತ್ತದೆ, ಒಳಗಿನ ಎಸ್‌ಎಸ್‌ಡಿಯಲ್ಲಿ ಏನೂ ಬದಲಾಗುವುದಿಲ್ಲ. ಸೆಕ್ಯೂರ್ ಬೂಟ್ ಇದ್ದರೆ ಲಿನಕ್ಸ್ ಬರುವುದೇ ಇಲ್ಲ ಎಂಬ ಮಾತಿಗೆ ಹೆದರಬೇಕಿಲ್ಲ. ಉಬುಂಟು, ಫೆಡೋರಾ, ಡೆಬಿಯನ್ ಮೂರೂ ಅದಕ್ಕೆ ಬೇಕಾದ ಡಿಜಿಟಲ್ ಸಹಿಯೊಂದಿಗೇ ಬರುತ್ತವೆ.

ಮುಖಪರದೆ ಬಂದೊಡನೆ "ನಡೆಯಿತು!" ಎಂದು ನಿಲ್ಲಿಸುವವರೇ ಹೆಚ್ಚು. ಪರೀಕ್ಷೆ ಶುರುವಾಗುವುದೇ ಅಲ್ಲಿಂದ. ವೈಫೈಗೆ ಸೇರಿ ಹತ್ತು ನಿಮಿಷ ವಿಡಿಯೊ ನೋಡಿ. ಇಯರ್‌ಫೋನ್ ತೆಗೆದು ಸ್ಪೀಕರ್ ಕೇಳಿ. ಮೈಕ್‌ನಲ್ಲಿ ಮಾತನಾಡಿ, ಕ್ಯಾಮೆರಾ ತೆರೆಯಿರಿ, ಬ್ಲೂಟೂತ್ ಇಯರ್‌ಫೋನ್ ಜೋಡಿಸಿ, ಎರಡು ಬೆರಳಿನಲ್ಲಿ ಟಚ್‌ಪ್ಯಾಡ್ ಸರಿಸಿ, ಬೆಳಕಿನ ಕೀಲಿ ಒತ್ತಿ, ಟಿವಿಗೆ ಎಚ್‌ಡಿಎಂಐ ಸಿಕ್ಕಿಸಿ. ಕೀಲಿಮಣೆ ಆಯ್ಕೆಗಳಲ್ಲಿ ಕನ್ನಡ ಹುಡುಕಿದರೆ ಇನ್‌ಸ್ಕ್ರಿಪ್ಟ್ ಜೊತೆಗೆ ನಮ್ಮ ಕಗಪ ವಿನ್ಯಾಸವೂ ಸಿಗುತ್ತದೆ, ಅದಕ್ಕೆ ಯಾವ ಚಿಪ್‌ನ ಹಂಗೂ ಇಲ್ಲ.

ಎಲ್ಲರೂ ಮರೆಯುವ ಪರೀಕ್ಷೆ ನಿದ್ರೆಯದು. ಬ್ಯಾಟರಿ ಎಷ್ಟು ಶೇಕಡಾ ಇದೆಯೆಂದು ಬರೆದುಕೊಂಡು, ಚಾರ್ಜರ್ ತೆಗೆದು, ಮುಚ್ಚಳ ಮುಚ್ಚಿ ಒಂದು ಗಂಟೆ ಬಿಡಿ. ಹಿಂದಿನ ಲ್ಯಾಪ್‌ಟಾಪ್‌ಗಳು ನಿದ್ರೆಗೆ ಹೋದಾಗ ಮೆಮೊರಿ ಬಿಟ್ಟು ಹೆಚ್ಚುಕಡಿಮೆ ಎಲ್ಲದರ ವಿದ್ಯುತ್ತನ್ನೂ ಕಡಿಯುತ್ತಿದ್ದವು. ಹೊಸವುಗಳಲ್ಲಿ ಹಲವು ಮೊಬೈಲಿನಂತೆ ಅರೆನಿದ್ರೆಯಲ್ಲಿರುತ್ತವೆ, ಪ್ರತಿ ಚಿಪ್ ತಾನಾಗಿ ಸುಮ್ಮನಾಗಬೇಕು. ಒಂದು ಚಿಪ್‌ನ ಡ್ರೈವರ್ ಎಚ್ಚರವಾಗಿದ್ದರೂ ಬ್ಯಾಟರಿ ಸೋರುತ್ತದೆ, ಚೀಲದೊಳಗೆ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ. ಗಂಟೆಗೆ ಒಂದೆರಡು ಶೇಕಡಾ ಇಳಿದರೆ ಸಹಿಸಬಹುದು. ಹತ್ತು ಇಳಿದಿದ್ದರೆ, ಅಥವಾ ಮುಚ್ಚಳ ತೆರೆದಾಗ ಪರದೆ ಕಪ್ಪಾಗಿಯೇ ಉಳಿದರೆ, ದಿನವೂ ಅದೇ ಗೋಳು.

ಏನಾದರೂ ಕೆಲಸ ಮಾಡದಿದ್ದರೆ ಟರ್ಮಿನಲ್ ತೆರೆದು ಎಲ್, ಎಸ್, ಪಿ, ಸಿ, ಐ ಎಂಬ ಐದು ಸಣ್ಣ ಅಕ್ಷರಗಳನ್ನು ಒಟ್ಟಿಗೆ ಬರೆದು, ಜಾಗ ಬಿಟ್ಟು, ಒಂದು ಅಡ್ಡಗೆರೆ, ಅದಕ್ಕೆ ಅಂಟಿಸಿ ಎನ್, ಎನ್, ಕೆ ಎಂದು ಬರೆದು ಎಂಟರ್ ಒತ್ತಿ. ಒಳಗಿನ ಸಾಧನಗಳ ಪಟ್ಟಿ, ಗುರುತಿನ ಸಂಖ್ಯೆ, ಬಳಕೆಯಲ್ಲಿರುವ ಡ್ರೈವರ್ ಹೆಸರು ಬರುತ್ತದೆ. ವೈಫೈ ಕಾರ್ಡಿನ ಕೆಳಗೆ ಬಳಕೆಯಲ್ಲಿರುವ ಡ್ರೈವರ್ ಎಂಬ ಸಾಲೇ ಇಲ್ಲದಿದ್ದರೆ ಈ ಕರ್ನಲ್ಲಿಗೆ ಅದು ಗೊತ್ತಿಲ್ಲವೆಂದು ಅರ್ಥ. ಆಗ ನಿರಾಶರಾಗುವ ಮುನ್ನ, ಇನ್ನೂ ಹೊಸ ಕರ್ನಲ್ ಇರುವ ಫೆಡೋರಾದ ಇತ್ತೀಚಿನ ಆವೃತ್ತಿಯನ್ನು ಅದೇ ಪೆನ್‌ಡ್ರೈವ್‌ಗೆ ಬರೆದು ಮತ್ತೊಮ್ಮೆ ನೋಡಿ. ಅದರಲ್ಲಿ ನಡೆದರೆ ಕಾದರೆ ಸಾಕು, ಉಬುಂಟುವಿಗೂ ಬರುತ್ತದೆ. ಅದರಲ್ಲೂ ಇಲ್ಲದಿದ್ದರೆ ವಾಪಸ್ ಕೊಡುವ ಅವಧಿ ಮುಗಿಯುವ ಮುನ್ನ ನಿರ್ಧರಿಸುವುದು ಲೇಸು. ಸಾಲಿನಲ್ಲಿ ಡ್ರೈವರ್ ಹೆಸರಿದ್ದೂ ಕೆಲಸ ನಡೆಯದಿದ್ದರೆ ಸಮಸ್ಯೆ ಬಹುಶಃ ಫರ್ಮ್‌ವೇರ್ ಕಡತದ್ದು, ಅಂದರೆ ಚಿಪ್‌ನೊಳಗೇ ತುಂಬಬೇಕಾದ ಸಣ್ಣ ತಂತ್ರಾಂಶದ್ದು. ಡೆಬಿಯನ್ 2023ರ 12ನೇ ಆವೃತ್ತಿಯವರೆಗೆ ಮುಕ್ತವಲ್ಲದ ಇಂಥ ಕಡತಗಳನ್ನು ತನ್ನ ಅಧಿಕೃತ ಅನುಸ್ಥಾಪಕದಲ್ಲಿ ಇಡುತ್ತಿರಲಿಲ್ಲ. "ಲಿನಕ್ಸ್ ಹಾಕಿದರೆ ವೈಫೈ ಹೋಗುತ್ತದೆ" ಎಂಬ ಮಾತು ಹರಡಿದ್ದರಲ್ಲಿ ಅದರ ಪಾಲೂ ಇದೆ.

ಎಲ್ಲವೂ ಸರಿಯಿದೆ, ಇನ್ನು ಹಾಕಿಬಿಡೋಣ ಎಂದು ಹೊರಟಾಗ ಎಸ್‌ಎಸ್‌ಡಿಯೇ ಕಾಣದಿರುವುದುಂಟು. ಇಂಟೆಲ್ ಲ್ಯಾಪ್‌ಟಾಪಿನ ಬಯಾಸ್‌ನಲ್ಲಿ ಶೇಖರಣೆಯನ್ನು ಆರ್‌ಎಸ್‌ಟಿ ಎಂಬ ವಿಧಾನದಲ್ಲಿ ಇಟ್ಟಿದ್ದರೆ ಹೀಗಾಗುತ್ತದೆ. ಎಎಚ್‌ಸಿಐ ಎಂದು ಬದಲಿಸಿದರೆ ಕಾಣುತ್ತದೆ, ಆದರೆ ಮೊದಲೇ ಸಿದ್ಧತೆ ಮಾಡದಿದ್ದರೆ ವಿಂಡೋಸ್ ಮತ್ತೆ ಆರಂಭವಾಗದೆ ಹೋಗಬಹುದು. ಇನ್ನೂ ಒಂದು ಅಪಾಯವಿದೆ. ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಬೀಗ ನಮಗೆ ಗೊತ್ತಿಲ್ಲದೆಯೇ ಹಾಕಿರುತ್ತದೆ, ಬಯಾಸ್ ಮುಟ್ಟಿದೊಡನೆ ಅದು 48 ಅಂಕಿಗಳ ಕೀಲಿ ಕೇಳುತ್ತದೆ. ಆ ಕೀಲಿಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ಮೊದಲೇ ಕಾಗದದ ಮೇಲೆ ಬರೆದುಕೊಂಡು, ಫೈಲುಗಳ ನಕಲನ್ನು ಬೇರೆ ಡಿಸ್ಕಿಗೆ ತೆಗೆದ ನಂತರವೇ ಬಯಾಸ್‌ಗೆ ಕೈ ಹಾಕಿ.